ಗಾಡಿ ಕಳಿಸದ ಮನೆ

ಸಜ್ಜಪಲ್ಲಿ, ಚಿಂತಾಮಣಿ ತಾಲ್ಲೂಕು
೧೮ ಜೂನ್ ೧೯೬೧

ಅಮ್ಮನಿಗೆ ಪಂಕಜ ಮಾಡುವ ನಮಸ್ಕಾರ.

ನಾನೊಂದು ಸೈಕಲ್ ಕೊಂಡಿದ್ದೇನೆ. ಚಿಂತಾಮಣಿ ಬಸ್ಸಿನಲ್ಲಿ ಓಡಾಡುವ ಯಾರಾದರೂ ಪುಣ್ಯಾತ್ಮರು ಚಿಕ್ಕಬಳ್ಳಾಪುರದಲ್ಲಿಳಿದು ಮಾವನ ಕಿವಿ ಕಚ್ಚುವ ಮುಂಚೆ ನನ್ನಿಂದಲೇ ನಿನಗೆ ಗೊತ್ತಾಗಲಿ ಅಂತ ಮೊದಲೇ ಬರೆದುಬಿಟ್ಟೆ. ಹೊಸದೇನಲ್ಲ. ಚಿಂತಾಮಣಿಯ ಸೈಕಲ್ ಶಾಪಿನ ಆವಲಪ್ಪ ಬೆಂಗಳೂರಿನಿಂದ ತರಿಸಿಕೊಟ್ಟ ಲೇಡೀಸ್ ಸೈಕಲ್ಲು. ಮುಂದೆ ಅಡ್ಡ ಕಂಬಿ ಇಲ್ಲ, ಚೈನಿಗೆ ಪೂರಾ ತಗಡಿನ ಮುಚ್ಚಳವಿದೆ, ಸೀರೆ ಸಿಕ್ಕಿಕೊಳ್ಳುವ ಭಯವಿಲ್ಲ. ಹಿಂದಿನ ಕ್ಯಾರಿಯರ್ ಮೇಲೆ ನನ್ನ ಹೆರಿಗೆ ಪೆಟ್ಟಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ತುಳಿಯುವುದು ಎಲ್ಲಿ ಕಲಿತೆ ಅಂತ ಕೇಳಬೇಡ, ಬೆಂಗಳೂರಿನಲ್ಲಿ ದಾದಿ ತರಬೇತಿಗೆ ಇದ್ದಾಗ ಹಾಸ್ಟೆಲಿನ ಹುಡುಗಿಯರೆಲ್ಲ ಕಲಿತೆವು.

ಕೊಂಡದ್ದು ಶೋಕಿಗಲ್ಲಮ್ಮ. ಹೋದ ತಿಂಗಳು ಇಲ್ಲಿಂದ ಎರಡು ಮೈಲಿ ಆಚೆ ಮಂಗಮ್ಮ ಅನ್ನುವವಳು ಹೆರಿಗೆಯಲ್ಲಿ ತೀರಿಕೊಂಡಳು. ಈ ಸೀಮೆಯಲ್ಲೊಂದು ಪದ್ಧತಿ ಇದೆ. ಹೆರಿಗೆಗೆ ದಾದಿ ಬೇಕಾದರೆ ಆ ಮನೆಯವರೇ ಗಾಡಿ ಕಟ್ಟಿ ಕಳಿಸಬೇಕು. ಖಾಲಿ ಗಾಡಿ ಹೋಗಿ ದಾದಿಯನ್ನು ಕೂರಿಸಿಕೊಂಡು ಬಂದು ಬಾಗಿಲ ಮುಂದೆ ಇಳಿಸಬೇಕು. ದಾದಿ ತಾನಾಗಿ ಬಂದರೆ ಮನೆಗೆ ಅವಮಾನ, ಹುಟ್ಟುವ ಮಗುವಿಗೂ ಒಳ್ಳೆಯದಲ್ಲ ಅಂತ ನಂಬಿದ್ದಾರೆ. ಮಂಗಮ್ಮನ ಮನೆಯಲ್ಲಿ ಗಾಡಿ ಎಲ್ಲಿಂದ ಬರಬೇಕು? ಅವಳ ಗಂಡ ಕೋನಪ್ಪ ಮನೆಮನೆ ಬಾಗಿಲಿಗೆ ಹೋಗಿ ಬೇಡಿದ್ದಾನೆ. ಒಬ್ಬರ ಎತ್ತಿಗೆ ಕಾಲುಬೇನೆ, ಇನ್ನೊಬ್ಬರ ಗಾಡಿ ಸಂತೆಗೆ ಹೋಗಿದೆ. ಬೆಳಿಗ್ಗೆ ನೋವು ಬಂದವಳಿಗೆ ಸಂಜೆ ಗಾಡಿ ಸಿಕ್ಕಿತು. ನಾನು ಹೋಗಿ ಮುಟ್ಟಿದಾಗ ಕೈ ತಣ್ಣಗಾಗಿತ್ತು.

ಇಡೀ ದಿನ ನಾನು ಇಲ್ಲೇ ದವಾಖಾನೆಯಲ್ಲಿ ಬ್ಯಾಂಡೇಜು ಮಡಿಚಿಕೊಂಡು ಕೂತಿದ್ದೆ. ಯಾರಾದರೂ ಬಂದು ಒಂದು ಮಾತು ಹೇಳಿದ್ದರೆ ನಡೆದೇ ಹೋಗುತ್ತಿದ್ದೆ. ಕೋನಪ್ಪನನ್ನು ಕೇಳಿದರೆ, "ಗಾಡಿ ಇಲ್ದೆ ಹೆಂಗಮ್ಮ ಕರೆಯೋದು?" ಅಂದು ತಲೆ ಚಚ್ಚಿಕೊಂಡ. ಆವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಗಾಡಿಯ ದಾರಿ ಕಾಯುವ ಕೆಲಸ ಇನ್ನು ನನ್ನಿಂದಾಗದು.

ನೀನು ಬೈಯುತ್ತೀಯ ಅಂತ ಗೊತ್ತು. ಬೈದು ಬರೆ, ಆದರೆ ಬರೆ.

ನಿನ್ನ ಮಗಳು
ಪಂಕಜ


ಚಿಕ್ಕಬಳ್ಳಾಪುರ
೨೯ ಜೂನ್ ೧೯೬೧

ಪಂಕಜಾ,

ನಿನಗೆ ತಲೆ ನೆಟ್ಟಗಿದೆಯೇನೇ? ಕಾಗದ ಓದುತ್ತಾ ಕೂತು ಒಲೆ ಮೇಲಿಟ್ಟ ಸಾರು ಸೀದು ಹೋಯಿತು, ಅದಕ್ಕೂ ನಿನ್ನ ಮಾವನ ಹೆಂಡತಿಯ ಕೈಲಿ ಅನ್ನಿಸಿಕೊಂಡೆ. ಮದುವೆಯಾಗದ ಹುಡುಗಿ, ಬೀದಿಯಲ್ಲಿ ಸೀರೆ ಹಾರಿಸಿಕೊಂಡು ಸೈಕಲ್ ತುಳಿಯುವುದು ಅಂದರೆ ಏನು! ನಿಮ್ಮ ತಂದೆ ಇದ್ದಿದ್ದರೆ ಈ ಗತಿ ಬರುತ್ತಿರಲಿಲ್ಲ. ನೀನು ದಾದಿ ಕೆಲಸಕ್ಕೆ ಸೇರುತ್ತೇನೆ ಅಂದಾಗಲೇ ಮೈಲಿಗೆ ಅಂತ ನಿನ್ನ ಮಾವ ಕುಣಿದಾಡಿದ. ಅವನ ಕಾಲು ಹಿಡಿದು ಒಪ್ಪಿಸಿದವಳು ನಾನು. ಈಗ ಇದನ್ನು ಯಾವ ಬಾಯಲ್ಲಿ ಹೇಳಲಿ?

ಆ ಮಂಗಮ್ಮನ ಸಂಗತಿ ಓದಿ ಹೊಟ್ಟೆ ಉರಿಯಿತು. ಇಲ್ಲ ಅನ್ನುವುದಿಲ್ಲ. ಆದರೆ ಊರಿಗೊಂದು ಪದ್ಧತಿ ಅಂತ ಇದ್ದ ಮೇಲೆ ಅದನ್ನು ಮುರಿಯಲು ಸರ್ಕಾರ ನಿನ್ನನ್ನೇ ಕಳಿಸಿದೆಯೇ? ಗಾಡಿ ಕಳಿಸಿದರೆ ಹೋಗು, ಕಳಿಸದಿದ್ದರೆ ಮನೆಯಲ್ಲಿರು. ಕರೆಯದೆ ಹೋದವಳಿಗೆ ಮರ್ಯಾದೆ ಇರುವುದಿಲ್ಲ. ಆಮೇಲೆ ಏನಾದರೂ ಹೆಚ್ಚುಕಮ್ಮಿಯಾದರೆ "ಇವಳು ಬಂದಿದ್ದಕ್ಕೇ ಹಿಂಗಾಯ್ತು" ಅಂತ ನಿನ್ನ ತಲೆಗೇ ಕಟ್ಟುತ್ತಾರೆ. ಅದು ಗೊತ್ತಿದೆಯೇ ನಿನಗೆ?

ನನ್ನ ಸ್ಥಿತಿ ನಿನಗೆ ತಿಳಿಯದ್ದಲ್ಲ. ಅಣ್ಣನ ಮನೆಯ ಅನ್ನ ತಿನ್ನುತ್ತಿದ್ದೇನೆ. ಪುಟ್ಟಸ್ವಾಮಯ್ಯ ಕೆಟ್ಟವನಲ್ಲ, ಆದರೆ ತಾಲ್ಲೂಕು ಕಚೇರಿಯಲ್ಲಿ ನಾಲ್ಕು ಜನ ಏನಂದರು ಅನ್ನುವುದರ ಮೇಲೆ ಅವನ ಊಟ, ನಿದ್ದೆ ಎಲ್ಲ. ಅವನ ಮಗಳು ವಿಶಾಲಳಿಗೆ ಈ ವರ್ಷ ಗಂಡು ನೋಡುತ್ತಿದ್ದಾರೆ. ನಿನ್ನ ಸೈಕಲ್ಲಿನ ಗಂಟೆ ಇಲ್ಲಿಯವರೆಗೂ ಕೇಳಿಸುವ ಮುಂಚೆ ಅದನ್ನು ಆ ಶಾಪಿನವನಿಗೇ ವಾಪಸು ಕೊಟ್ಟುಬಿಡು.

ಬಿದ್ದು ಕೈಕಾಲು ಮುರಿದುಕೊಂಡಿಲ್ಲ ತಾನೆ? ಅದನ್ನು ಬರೆಯುವುದು ಮರೆಯಬೇಡ.

ಅಮ್ಮ,
ಗೋದಮ್ಮ


ಸಜ್ಜಪಲ್ಲಿ
೨೨ ಜುಲೈ ೧೯೬೧

ಅಮ್ಮಾ,

ಒಂದು ಸಲ ಬಿದ್ದೆ. ಅಂಬಾಜಿದುರ್ಗದ ಬೆಟ್ಟದ ಕೆಳಗಿನ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ, ಜಾಲಿ ಪೊದೆಯೊಳಕ್ಕೆ ನುಗ್ಗಿದೆ. ಮೊಳಕೈ ತರಚಿತು, ಮಾನ ಅದಕ್ಕಿಂತ ಹೆಚ್ಚು ತರಚಿತು. ದನ ಕಾಯುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕು, ಆಮೇಲೆ ಎತ್ತಿ ನಿಲ್ಲಿಸಿದರು. ಈಗ ಚೆನ್ನಾಗಿದ್ದೇನೆ.

ವಾಪಸು ಕೊಡುವ ಮಾತು ಬಿಡು. ಬಡವರ ಮನೆಗಳಲ್ಲಿ ಯಾರೂ ಬೇಡ ಅನ್ನಲಿಲ್ಲ. ಕದಿರಮ್ಮ ಅಂತ ಪಕ್ಕದ ಊರು ದೊಡ್ಡಗುಂಟೆಯ ಕೂಲಿ ಹೆಂಗಸು ಇದ್ದಾಳೆ, ಅವಳ ಮಗಳ ಹೆರಿಗೆಗೆ ಸೈಕಲ್ ಮೇಲೆ ಹೋದೆ. "ನಮ್ಗೆ ಗಾಡೀನೂ ಇಲ್ಲ, ಎತ್ತೂ ಇಲ್ಲ ಕಣಮ್ಮ. ನೀನು ಬಂದ್ಯಲ್ಲ, ನಮ್ಮವ್ವ ಬಂದಂಗಾಯ್ತು" ಅಂದು ಸೈಕಲ್ಲಿಗೂ ಕುಂಕುಮ ಇಟ್ಟಳು.

ಆದರೆ ಅದೇ ದೊಡ್ಡಗುಂಟೆಯ ದೊಡ್ಡ ಮನೆ ಇದೆಯಲ್ಲ, ನರಸಿಂಹಪ್ಪನವರದು, ಅಲ್ಲಿ ಬೇರೆಯೇ ಕಥೆ. ಅವರ ಹೆಂಡತಿ ಅಮ್ಮಾಜಮ್ಮ ನನ್ನನ್ನು ಜಗಲಿಯ ಕೆಳಗೇ ನಿಲ್ಲಿಸಿದರು. "ಸೈಕಲ್ ಹತ್ಕೊಂಡು ಬಂದ್ಯಾ? ನಮ್ಮನೇಲಿ ಗಾಡಿ ಇಲ್ಲಾಂತ ಊರಿಗೆಲ್ಲ ಸಾರಾಕೆ ಬಂದ್ಯಾ? ಯಾವಾಗ ಬೇಕೋ ಆವಾಗ ನಮ್ಮ ಗಾಡಿ ಬರ್ತದೆ, ಅದ್ರಲ್ಲಿ ಕೂತ್ಕೊಂಡು ಬಾ. ಕರೀದೆ ಬಂದ್ರೆ ಹೊಸ್ಲು ದಾಟಿಸಲ್ಲ" ಅಂದರು. ಗಟ್ಟಿ ಹೆಂಗಸು. ನರಸಿಂಹಪ್ಪನವರು ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು, ಬಾಯಿ ಬಿಡಲಿಲ್ಲ. ಮಗ ಮುನಿವೆಂಕಟಪ್ಪ ಕಂಬದ ಮರೆಯಲ್ಲಿ ನಿಂತಿದ್ದ, ಅವನೂ ಬಿಡಲಿಲ್ಲ.

ನಾನು ಸುಮ್ಮನೆ ಹೋಗಿರಲಿಲ್ಲಮ್ಮ. ಆ ಮುನಿವೆಂಕಟಪ್ಪನ ಹೆಂಡತಿ ಶ್ಯಾಮಲಮ್ಮ ಬಸುರಿ. ಬಾವಿಯ ಹತ್ತಿರ ನೋಡಿದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕೆಂಪು ಅನ್ನುವುದೇ ಇಲ್ಲ, ಉಗುರೆಲ್ಲ ಬೆಳ್ಳಗೆ. ಊರಿನ ಸೂಲಗಿತ್ತಿ ಚಿಕ್ಕವೆಂಕಟಮ್ಮ ಮುದುಕಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಮೊದಲ ಹೆರಿಗೆಯಲ್ಲಿ ಮಗು ಉಳಿಯಲಿಲ್ಲವಂತೆ, ಚಾಪೆ ತೊಯ್ಯುವಷ್ಟು ರಕ್ತ ಹೋಯಿತಂತೆ. ಈ ಸಲವೂ ಹಾಗೆ ಹೋದರೆ ಅವಳ ಮೈಯಲ್ಲಿ ಹೋಗಲು ರಕ್ತವೇ ಇಲ್ಲ. ಚಿಂತಾಮಣಿ ಆಸ್ಪತ್ರೆಗೆ ಹೋಗಬೇಕು, ಇಲ್ಲದಿದ್ದರೆ ರಕ್ತ ಕಟ್ಟುವ ಇಂಜೆಕ್ಷನ್ ಇಟ್ಟುಕೊಂಡು ನಾನು ಪಕ್ಕದಲ್ಲಿರಬೇಕು. ಆಸ್ಪತ್ರೆ ಅಂದರೆ ಅಮ್ಮಾಜಮ್ಮ, "ನಮ್ಮ ಸೊಸೆ ಕಂಡೋರ ಮಂಚದ ಮೇಲೆ ಹೆರಲ್ಲ" ಅನ್ನುತ್ತಾರೆ.

ಆ ಹುಡುಗಿ ಕೊಡ ಎತ್ತಿಕೊಳ್ಳುವಾಗ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಅವ್ರು ಗಾಡಿ ಕಳಿಸ್ದೆ ಇದ್ರೂ ನೀವು ಬರ್ತೀರಾ?" ಅಂದಳು. ಬರ್ತೀನಿ ಕಣಮ್ಮ ಅಂದೆ. ದೀಪಾವಳಿಯ ಹೊತ್ತಿಗೆ ಅವಳ ದಿನ ತುಂಬುತ್ತದೆ. ಅಲ್ಲಿಯವರೆಗೆ ಯಾರು ಏನು ಹೇಳಿದರೂ ನಾನು ಸೈಕಲ್ ಬಿಡುವುದಿಲ್ಲ.

ಪಂಕಜ


ಚಿಕ್ಕಬಳ್ಳಾಪುರ
೧೬ ಆಗಸ್ಟ್ ೧೯೬೧

ಪಂಕಜಳಿಗೆ,

ನಾನು ಹೆದರಿದ್ದೇ ಆಯಿತು. ಗೌರಿಬಿದನೂರಿನವರು ವಿಶಾಲಳನ್ನು ನೋಡಲು ಬಂದಿದ್ದರು. ಹುಡುಗ ವೆಂಕಟೇಶಮೂರ್ತಿ ಹೈಸ್ಕೂಲ್ ಮೇಷ್ಟ್ರು, ಒಳ್ಳೆಯ ಜನ. ಉಪ್ಪಿಟ್ಟು ಕಾಫಿ ಎಲ್ಲ ಆಯಿತು, ಹುಡುಗಿ ಹಾಡಿಯೂ ಆಯಿತು. ಏಳುವ ಹೊತ್ತಿಗೆ ಹುಡುಗನ ತಾಯಿ ಕೇಳುತ್ತಾಳೆ, "ಚಿಂತಾಮಣಿ ಕಡೆ ಒಬ್ಳು ದಾದಿ ಸೈಕಲ್ ಮೇಲೆ ಹಗಲೂ ರಾತ್ರಿ ಸುತ್ತುತಾಳಂತಲ್ಲ, ಅವ್ಳು ನಿಮ್ಮ ಕಡೆಯೋಳೇ ಅಂತೆ?" ಅಂತ. ನಿನ್ನ ಮಾವನ ಮುಖ ನೋಡಲಾಗಲಿಲ್ಲ. ಅವರು ಹೋದ ಮೇಲೆ ಅವನು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನದಿಂದ ನಾನು ಬಡಿಸಿದರೆ ತಟ್ಟೆ ಸರಿಸುತ್ತಾನೆ.

ಕಾಗದದಲ್ಲಿ ಹೇಳಿದರೆ ನಿನಗೆ ನಾಟುವುದಿಲ್ಲ. ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಹುರಿಹಿಟ್ಟು, ಚಟ್ನಿಪುಡಿ ತರುತ್ತೇನೆ. ಬಸ್ಸಿನ ಹತ್ತಿರ ನಡೆದುಕೊಂಡು ಬಾ. ಆ ಸುಡುಗಾಡು ಸೈಕಲ್ ಮೇಲೆ ಬಂದರೆ ನಾನು ಇಳಿಯದೆ ಹಾಗೇ ವಾಪಸು ಹೋಗುತ್ತೇನೆ.

ಅಮ್ಮ


ಸಜ್ಜಪಲ್ಲಿ
೩ ಸೆಪ್ಟೆಂಬರ್ ೧೯೬೧

ಅಮ್ಮಾ,

ಕ್ಷೇಮವಾಗಿ ತಲುಪಿದ್ದೀಯ ಅಂದುಕೊಂಡಿದ್ದೇನೆ. ಬಸ್ಸಿನಲ್ಲಿ ಕೂತ ಮೇಲೆ ನೀನು ಒಂದು ಸಲವೂ ಈ ಕಡೆ ತಿರುಗಲಿಲ್ಲ. ನಾನು ಮಾತ್ರ ಅದು ತಿರುವಿನಲ್ಲಿ ಮರೆಯಾಗುವವರೆಗೂ ಮಂಗನ ಹಾಗೆ ಕೈ ಬೀಸುತ್ತಾ ನಿಂತಿದ್ದೆ.

ಮನೆಗೆ ಬಂದು ನೋಡಿದರೆ ಸೈಕಲ್ಲಿನ ಎರಡು ಚಕ್ರವೂ ನೆಲ ಕಚ್ಚಿವೆ. ಮೊದಲು ಪಂಕ್ಚರ್ ಅಂದುಕೊಂಡೆ. ಆಮೇಲೆ ನೋಡಿದರೆ ಗಾಳಿ ತುಂಬುವ ವಾಲ್ವ್ ಎರಡೂ ಮಾಯ, ಪಂಪೂ ಇಲ್ಲ. ಅಮ್ಮಾ, ನಿಜ ಹೇಳು, ಅದನ್ನೆಲ್ಲ ಯಾವುದರೊಳಗೆ ಬಚ್ಚಿಟ್ಟುಕೊಂಡು ಹೋದೆ? ಎಲೆ ಅಡಿಕೆ ಚೀಲದೊಳಗೋ? ಕಳ್ಳತನ ಮಾಡಲಿಕ್ಕೆ ಮೂವತ್ತು ಮೈಲಿ ಬಸ್ಸಿನಲ್ಲಿ ಬಂದೆಯಲ್ಲ, ಏನು ಹೇಳಲಿ ನಿನಗೆ! ನನಗೆ ನಗುವೂ ಬಂತು, ಅಳುವೂ ಬಂತು. ಕೊನೆಗೆ ಅಳುವೇ ಗೆದ್ದಿತು.

ಆ ದಿನ ಒಂದು ಹೆರಿಗೆಗೆ ಓಡುತ್ತಾ ಹೋದೆ. ದೇವರ ದಯೆ, ತಾಯಿ ಮಗು ಸುಖವಾಗಿದ್ದಾರೆ. ಮಾರನೆಯ ದಿನ ಸೈಕಲ್ ತಳ್ಳಿಕೊಂಡು ಚಿಂತಾಮಣಿಗೆ ಹೋಗಿ ಆವಲಪ್ಪನ ಹತ್ತಿರ ಹೊಸ ವಾಲ್ವ್ ಹಾಕಿಸಿದೆ. ಅವನು ಕೇಳಿದ, "ಯಾರಮ್ಮ ತೆಗೆದೋರು, ಪೋಕರಿ ನನ್ಮಕ್ಳು?" ಹೂಂ ಕಣಪ್ಪ, ಅಂಥವರೇ ಯಾರೋ ಅಂದೆ.

ಇನ್ನೊಂದು ಮಾತು. ನೀನಿದ್ದಾಗ ನಾನು ದವಾಖಾನೆಯಲ್ಲಿದ್ದ ಹೊತ್ತಿನಲ್ಲಿ ಒಬ್ಬಳೇ ದೊಡ್ಡಗುಂಟೆಗೆ ಹೋಗಿದ್ದೆಯಂತೆ, ಕದಿರಮ್ಮ ಹೇಳಿದಳು. ಅಮ್ಮಾಜಮ್ಮನವರ ಮನೆ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದೆಯಂತೆ. ನನಗೆ ಯಾಕೆ ಹೇಳಲಿಲ್ಲ? ಶ್ಯಾಮಲಳನ್ನು ನೋಡಿದೆಯಾ? ಎಷ್ಟು ಬಿಳಿಚಿಕೊಂಡಿದ್ದಾಳೆ, ನಿನಗೇ ಗೊತ್ತಾಗಿರಬೇಕು.

ಪಂಕಜ


ಚಿಕ್ಕಬಳ್ಳಾಪುರ
೧೫ ಸೆಪ್ಟೆಂಬರ್ ೧೯೬೧

ಪಂಕಜಾ,

ವಾಲ್ವ್ ತೆಗೆದದ್ದು ನಾನೇ. ಹೆತ್ತವಳು ಮಗಳ ವಸ್ತು ತೆಗೆದರೆ ಅದು ಕಳ್ಳತನವೇ? ನಾಚಿಕೆ ಯಾಕೆ ಪಡಲಿ? ಇನ್ನೊಂದು ಸಲ ಬಂದರೆ ಚಕ್ರವನ್ನೇ ಬಿಚ್ಚಿಕೊಂಡು ಹೋಗುತ್ತೇನೆ.

ಅಮ್ಮಾಜಮ್ಮನನ್ನು ನೋಡಿದೆ, ಮಾತಾಡಿದೆ. ಮನೆತನಸ್ಥ ಹೆಂಗಸು. ನಿನ್ನ ಒಳ್ಳೆಯದಕ್ಕೆ ಆ ಊರಿನಲ್ಲಿ ಯಾರಿಗೆ ಏನು ಹೇಳಬೇಕೋ ಹೇಳಿ ಬಂದಿದ್ದೇನೆ. ಅದಕ್ಕಿಂತ ಹೆಚ್ಚು ಕೇಳಬೇಡ.

ಈಗ ನಿನ್ನ ಮಾವನ ಮಾತು. ಗೌರಿಬಿದನೂರಿನವರು ಇನ್ನೂ ಬಾಗಿಲು ಮುಚ್ಚಿಲ್ಲ. ದೀಪಾವಳಿ ಆದ ಮೇಲೆ ಮಾತು ಮುಗಿಸೋಣ ಅಂದಿದ್ದಾರಂತೆ. ಅಷ್ಟರೊಳಗೆ ನೀನು ಸೈಕಲ್ ಬಿಟ್ಟು, ರಜೆ ಹಾಕಿ ಇಲ್ಲಿಗೆ ಬರಬೇಕು. ನಾಲ್ಕು ಜನರೆದುರು ಮನೆಯಲ್ಲಿ ಕಾಣಿಸಿಕೊಳ್ಳಬೇಕು. ಆಮೇಲೆ ಈ ಊರಿನ ಆಸ್ಪತ್ರೆಗೇ ವರ್ಗ ಮಾಡಿಸಲು ಯಾರನ್ನಾದರೂ ಹಿಡಿಯುತ್ತಾನಂತೆ. ನೀನು ಬರದಿದ್ದರೆ? ಅದನ್ನು ಅವನು ನನ್ನ ಮುಖ ನೋಡದೆ ಹೇಳಿದ, "ಗೋದಾ, ಆಮೇಲೆ ನೀನೂ ಎಲ್ಲಿರ್ತೀಯೋ ಯೋಚನೆ ಮಾಡ್ಕೋ" ಅಂತ.

ನನಗೆ ಬೇರೆ ಎಲ್ಲಿದೆ ಹೇಳು. ಈ ವಯಸ್ಸಿನಲ್ಲಿ ಯಾರ ಬಾಗಿಲಿಗೆ ಹೋಗಿ ನಿಲ್ಲಲಿ? ಹೆದರಿಕೆಯಾಗುತ್ತದೆ ಕಣೇ. ಕೈ ಮುಗಿದು ಕೇಳುತ್ತೇನೆ, ಬಂದುಬಿಡು.

ಅಮ್ಮ


ಸಜ್ಜಪಲ್ಲಿ
೧೨ ಅಕ್ಟೋಬರ್ ೧೯೬೧

ಅಮ್ಮಾ,

ಮೂರು ಸಲ ಬರೆದು ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ. ಕೈ ಮುಗಿಯಬೇಡ, ನನಗೆ ತಡೆಯಲಾಗುವುದಿಲ್ಲ.

ದೀಪಾವಳಿಗೆ ನಾನು ಬರಲಾರೆ. ಶ್ಯಾಮಲಳ ದಿನ ಅದೇ. ನಿನ್ನೆ ಬಾವಿಯ ಹತ್ತಿರ ಬಂದಿರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರಂತೆ. ನಾನು ಕೊಟ್ಟ ಕಬ್ಬಿಣದ ಮಾತ್ರೆ ಅತ್ತೆಗೆ ಕಾಣದ ಹಾಗೆ ಸೆರಗಿನ ತುದಿಗೆ ಕಟ್ಟಿಕೊಂಡು ನುಂಗುತ್ತಾಳೆ. ಮುನಿವೆಂಕಟಪ್ಪನನ್ನು ಹೊಲದ ಹತ್ತಿರ ಹಿಡಿದು ನೇರವಾಗಿ ಕೇಳಿದೆ, ನೋವು ಬಂದ ತಕ್ಷಣ ಗಾಡಿ ಕಳಿಸುತ್ತೀಯೇನಪ್ಪ ಅಂತ. "ಅಮ್ಮನ್ನ ಕೇಳ್ಬೇಕು" ಅಂದ. ಮೀಸೆ ಇದೆ, ಎಂಟಾಳಿನ ಮೈಯಿದೆ, ಅಮ್ಮನನ್ನು ಕೇಳಬೇಕಂತೆ. ಬೈಯೋಣ ಅಂತ ಬಾಯಿ ತೆರೆದೆ. ನಾನೂ ನಿನಗೆ ಉತ್ತರ ಬರೆಯಲಾರದೆ ತಿಂಗಳು ಕಳೆದವಳೇ ಅಲ್ಲವೇ ಅನ್ನಿಸಿ ಸುಮ್ಮನಾದೆ.

ಮಾವನಿಗೆ ನಾನು ಕ್ಷಮೆ ಕೇಳಿದೆ ಅಂತ ಹೇಳು. ವಿಶಾಲಳ ಮೇಲೆ ನನಗೆ ಪ್ರೀತಿ ಇದೆ. ಆದರೆ ಅವಳ ಮದುವೆ ಈ ತಿಂಗಳು ತಪ್ಪಿದರೆ ಮುಂದಿನ ತಿಂಗಳಾಗುತ್ತದೆ. ಶ್ಯಾಮಲಳಿಗೆ ಹಾಗೆ ಮುಂದಿನ ತಿಂಗಳು ಅಂತ ಇಲ್ಲ.

ನಿನ್ನನ್ನು ಅವರು ಹೊರಗೆ ಹಾಕುವುದಿಲ್ಲ ಅಂದುಕೊಂಡಿದ್ದೇನೆ. ಹಾಗೆ ಅಂದುಕೊಳ್ಳದಿದ್ದರೆ ನನಗೆ ಇಲ್ಲಿ ನಿಲ್ಲಲಾಗುವುದಿಲ್ಲ.

ಪಂಕಜ


ಸಜ್ಜಪಲ್ಲಿ
೩ ನವೆಂಬರ್ ೧೯೬೧

ಅಮ್ಮಾ,

ನನ್ನ ಕಾಗದಕ್ಕೆ ನಿನ್ನಿಂದ ಉತ್ತರವಿಲ್ಲ. ಆದರೂ ಬರೆಯುತ್ತೇನೆ, ಇದನ್ನು ನಿನಗಲ್ಲದೆ ಇನ್ನಾರಿಗೂ ಬರೆಯುವ ಹಾಗಿಲ್ಲ.

ಮೊನ್ನೆ ಮಧ್ಯಾಹ್ನ ಕದಿರಮ್ಮ ಬಿಸಿಲಿನಲ್ಲಿ ಓಡಿಕೊಂಡು ಬಂದಳು. "ದೊಡ್ಮನೇಲಿ ಮಗು ಹುಟ್ಟೈತೆ. ಮಾಸು ಬಿದ್ದಿಲ್ಲ. ರಕ್ತ ನಿಲ್ತಾ ಇಲ್ಲಮ್ಮ" ಅಂದಳು. ಗಾಡಿ ಅಂದೆ. "ಗಾಡಿ ಅಲ್ಲೇ ಐತೆ, ಎತ್ತು ಮುರುಗಮಲ್ಲದ ಕಡೆ ಉಳಾಕೆ ಹೋಗವೆ. ತರಾಕೆ ಆಳು ಹೋಗವ್ನೆ." ಎತ್ತು ಬಂದು, ಗಾಡಿ ಕಟ್ಟಿ, ಅದು ಇಲ್ಲಿಗೆ ಬಂದು, ನಾನು ಹತ್ತಿ ಹೋಗುವವರೆಗೆ ರಕ್ತ ಕಾಯುತ್ತದೆಯೇ? ಪೆಟ್ಟಿಗೆ ಕಟ್ಟಿಕೊಂಡು ಸೈಕಲ್ ಹತ್ತಿದೆ. ಕೆರೆ ಏರಿಯ ಮೇಲೆ ಹೇಗೆ ತುಳಿದೆನೋ ನನಗೇ ಗೊತ್ತಿಲ್ಲ.

ಅಮ್ಮಾಜಮ್ಮ ಬಾಗಿಲಲ್ಲಿ ನಿಂತಿದ್ದರು. ಎರಡು ಕೈಯೂ ಬಾಗಿಲುವಾಡದ ಮೇಲೆ. ನರಸಿಂಹಪ್ಪನವರು ಜಗಲಿಯ ಮೇಲೆ, ಮುನಿವೆಂಕಟಪ್ಪ ಅದೇ ಕಂಬದ ಹತ್ತಿರ. ಒಳಗಿನಿಂದ ಸದ್ದೇ ಇರಲಿಲ್ಲ. ಕೂಗಾಟವಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ದಾರಿ ಬಿಡಿ" ಅಂದೆ.

"ಎತ್ತು ಬರ್ತವೆ. ಗಾಡಿ ಕಳಿಸ್ತೀವಿ. ನಿಮ್ಮೂರಿಗೆ ಹೋಗಿ ಹತ್ಕೊಂಡು ಬಾ" ಅಂದರು. ಅವರಿಗೂ ಹೆದರಿಕೆಯಾಗಿತ್ತು, ಆದರೆ ಕೈ ಇಳಿಸಲಿಲ್ಲ. "ಹೋದ್ಸಲ ಹಿಂಗೇ ಪದ್ಧತಿ ಬಿಟ್ಟು ನಡಕೊಂಡು ಬಂದ ಬೇರೆ ದಾದಿ ಕೈಲಿ ಹೆರಿಗೆ ಮಾಡಿಸಿದ್ವಿ. ಗಂಡು ಮಗ ಕೈಯಾಗೇ ಹೋಯ್ತು. ಇವತ್ತು ಬಿಡಲ್ಲ" ಅಂದರು.

ನಾನು ಕಿರುಚಿದೆ. ಏನೇನು ಅಂದೆನೋ ನೆನಪಿಲ್ಲ. ಆಗ ಅವರು ಹೇಳಿದ್ದು ಮಾತ್ರ ಅಕ್ಷರ ಅಕ್ಷರ ನೆನಪಿದೆ. "ನನ್ಮೇಲ್ಯಾಕೆ ಕೂಗ್ತೀಯ? ನಿಮ್ಮಮ್ಮನೇ ಹೇಳವ್ರೆ. 'ನನ್ನ ಮಗಳು ಆ ಸೈಕಲ್ ಮೇಲೆ ಬಂದ್ರೆ ಒಳಕ್ಕೆ ಬಿಡ್ಬೇಡಿ, ಆಗಲಾದ್ರೂ ಬುದ್ಧಿ ಬರ್ತದೆ' ಅಂತ ಇದೇ ಜಗಲಿ ಮೇಲೆ ಕೂತು ಹೇಳಿದ್ರು. ಹೆತ್ತೋಳಿಗಿಂತ ನಾನು ಹೆಚ್ಚೇನು?"

ಸೈಕಲ್ ಹಿಡಿದುಕೊಂಡೇ ನಿಂತೆ. ಮುನಿವೆಂಕಟಪ್ಪನ ಕಡೆ ತಿರುಗಿ, "ಒಳಗೆ ಸಾಯ್ತಾ ಇರೋಳು ನಿನ್ನ ಹೆಂಡ್ತಿ ಕಣಯ್ಯಾ!" ಅಂದೆ.

ಅವನು ತಾಯಿಯನ್ನು ನೋಡಿದ. ಆಮೇಲೆ ಅಂಗಳಕ್ಕೆ ಹಾರಿ, ಬೇವಿನ ಮರದ ಕೆಳಗೆ ಮೂಕಿಯನ್ನು ನೆಲಕ್ಕೆ ಊರಿ ನಿಂತಿದ್ದ ಗಾಡಿಯ ಹತ್ತಿರ ಹೋಗಿ, ಬಗ್ಗಿ, ನೊಗವನ್ನು ಎತ್ತಿ ತನ್ನ ಹೆಗಲ ಮೇಲಿಟ್ಟುಕೊಂಡ. "ಹತ್ತಮ್ಮಾ" ಅಂದ.

ನನಗೆ ಹಟ ಬಂತು. ಇಂಥ ಹುಚ್ಚಿಗೆ ನಾನು ತಲೆಬಾಗಬೇಕೇ, ನೂಕಿಕೊಂಡೇ ಒಳಗೆ ಹೋಗುತ್ತೇನೆ ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ಚಿಕ್ಕವೆಂಕಟಮ್ಮ ತೆಲುಗಿನಲ್ಲಿ, "ರಾ ತಲ್ಲೀ, ರಾ, ಬೇಗ ರಾ" ಅಂತ ಅಳುತ್ತಾ ಕರೆದಳು. ಪೆಟ್ಟಿಗೆ ಎದೆಗವಚಿಕೊಂಡು ಗಾಡಿ ಹತ್ತಿದೆ.

ಎರಡು ಎತ್ತು ಎಳೆಯುವ ಗಾಡಿ ಅಮ್ಮ. ಅವನೊಬ್ಬನಿಂದ ಒಂದು ಕಡೆಗೆ ವಾಲಿತೇ ಹೊರತು ಚಕ್ರ ಮಿಸುಕಲಿಲ್ಲ. ಕುತ್ತಿಗೆಯ ನರ ಉಬ್ಬಿ ಅವನು ಎಳೆಯುತ್ತಿದ್ದ, ನಾನು ಮೇಲೆ ಕೂತು ಸಿಟ್ಟಿಗೋ ದುಃಖಕ್ಕೋ ಗಳಗಳ ಅಳುತ್ತಿದ್ದೆ. ಆಗ ನರಸಿಂಹಪ್ಪನವರು ಜಗಲಿಯಿಂದ ಇಳಿದರು. ಹೆಗಲ ವಸ್ತ್ರ ತೆಗೆದು ಕಟ್ಟೆಯ ಮೇಲಿಟ್ಟರು. ಆ ಊರಿನ ಅಷ್ಟು ಜಮೀನಿನ ಯಜಮಾನರು ಬಂದು ನೊಗದ ಇನ್ನೊಂದು ಕಡೆಗೆ ಕುತ್ತಿಗೆ ಕೊಟ್ಟರು. ಅಪ್ಪ ಮಗ ಇಬ್ಬರೂ ಎಳೆದುಕೊಂಡು ಬಂದು ಗಾಡಿಯನ್ನು ಬಾಗಿಲ ಮುಂದೆ ನಿಲ್ಲಿಸಿದರು. ಬೇಲಿಯ ಆಚೆ ಊರೇ ನಿಂತು ನೋಡುತ್ತಿತ್ತು.

ಗಂಡನ ಕುತ್ತಿಗೆಯ ಮೇಲಿನ ನೊಗ ನೋಡುತ್ತಾ ನಿಂತ ಅಮ್ಮಾಜಮ್ಮನ ಕೈಗಳು ತಾವಾಗಿ ಇಳಿದವು. ನಾನು ಒಳಗೆ ಓಡಿದೆ.

ಇಂಜೆಕ್ಷನ್ ಕೊಟ್ಟೆ. ಹೊಟ್ಟೆ ಒತ್ತಿ ಹಿಡಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಶ್ಯಾಮಲಳ ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು. ಕೆನ್ನೆಗೆ ಹೊಡೆದು ಕರೆದೆ, ಬರ್ತೀನಿ ಅಂದಿದ್ನಲ್ಲ, ಬಂದಿದೀನಿ ನೋಡೇ ಅಂತ. ಕೊನೆಗೆ ಮಾಸು ಬಂತು. ರಕ್ತ ನಿಧಾನವಾಗಿ ಇಳಿದು ನಿಂತಿತು. ಬಿಸಿನೀರು ತಂದುಕೊಟ್ಟವರು ಅಮ್ಮಾಜಮ್ಮ. ಸಂಜೆಯವರೆಗೂ ಸೊಸೆಯ ಅಂಗಾಲು ತಿಕ್ಕುತ್ತಾ ಕೂತಿದ್ದರು. ಮಾರನೆಯ ದಿನವೇ ಗಾಡಿಗೆ ಹುಲ್ಲು ಹಾಸಿ ಚಿಂತಾಮಣಿ ಆಸ್ಪತ್ರೆಗೆ ಸೇರಿಸಿದೆವು. ಬೇಡ ಅಂತ ಯಾರೂ ಅನ್ನಲಿಲ್ಲ. ಶ್ಯಾಮಲ ಉಳಿದಿದ್ದಾಳೆ. ಹೆಣ್ಣು ಮಗು, ಗಟ್ಟಿಯಾಗಿ ಅಳುತ್ತದೆ.

ಅಮ್ಮಾ, ಆ ಬಾಗಿಲಲ್ಲಿ ನನ್ನನ್ನು ತಡೆದದ್ದು ನಿನ್ನ ಮಾತೇ? ಅಮ್ಮಾಜಮ್ಮ ಹೆದರಿಕೆಯಲ್ಲಿ ಕಟ್ಟಿ ಹೇಳಿದ್ದಿರಬಹುದು. ಇಲ್ಲ ಅಂತ ಒಂದು ಸಾಲು ಬರೆ. ನಂಬುತ್ತೇನೆ.

ಪಂಕಜ


ಚಿಕ್ಕಬಳ್ಳಾಪುರ
೧೩ ನವೆಂಬರ್ ೧೯೬೧

ಚಿ. ಪಂಕಜಳಿಗೆ,

ಈ ಮೂಲಕ ತಿಳಿಸುವುದೇನೆಂದರೆ, ದೀಪಾವಳಿ ಹಬ್ಬಕ್ಕೆ ಬರತಕ್ಕದ್ದೆಂದು ತಿಳಿಸಿದ್ದಾಗ್ಯೂ ನೀನು ಬಾರದೆ ಹಿರಿಯರ ಮಾತನ್ನು ಮೀರಿರುವೆ. ನಿನ್ನ ನಡವಳಿಕೆಯಿಂದ ಈ ಮನೆಯ ಗೌರವಕ್ಕೆ ಕುಂದುಂಟಾಗಿದೆ. ಗೌರಿಬಿದನೂರಿನವರು ಸಂಬಂಧ ಬೇಡವೆಂದು ತಿಳಿಸಿರುತ್ತಾರೆ. ಆದ್ದರಿಂದ ಇನ್ನು ಮುಂದೆ ನೀನು ಈ ಮನೆಗೆ ಬರುವ ಅಗತ್ಯವಿಲ್ಲ. ನಿನಗೂ ನಮಗೂ ಯಾವ ವ್ಯವಹಾರವೂ ಇರುವುದಿಲ್ಲ. ನಿನ್ನ ತಾಯಿಯಾದ ನಾನು ಇದಕ್ಕೆ ಒಪ್ಪಿ ಬರೆದಿರುತ್ತೇನೆ.

ಮೇಲಿನದಷ್ಟನ್ನೂ ನಿನ್ನ ಮಾವ ಎದುರಿಗೆ ಕೂತು ಹೇಳಿ ಬರೆಸಿದ. ಸಹಿ ಮಾಡಿ ಅಂಚೆಗೆ ಹಾಕು ಅಂದು ಈಗ ಕಚೇರಿಗೆ ಹೋದ. ಸಹಿ ಮಾಡಲಿಲ್ಲ. ಇನ್ನು ಮುಂದಿನದು ನನ್ನದು.

ನೀನು ಕೇಳಿದ್ದಕ್ಕೆ ಉತ್ತರ: ಹೇಳಿದ್ದು ನಾನೇ. ಅಮ್ಮಾಜಮ್ಮ ಒಂದಕ್ಷರವೂ ಕಟ್ಟಿ ಹೇಳಿಲ್ಲ. ಇಲ್ಲ ಅಂತ ಬರೆಯೋಣ ಅಂತ ಎರಡು ದಿನ ಪೆನ್ನು ಹಿಡಿದು ಕೂತೆ, ಕೈ ಓಡಲಿಲ್ಲ. ಆ ಹುಡುಗಿಯ ಉಗುರು ಬೆಳ್ಳಗಿದೆ ಅಂತ ನೀನು ಬರೆದಿದ್ದೆ. ಅಲ್ಲಿ ಹೋದಾಗ ಮಜ್ಜಿಗೆ ತಂದುಕೊಟ್ಟವಳು ಅವಳೇ, ನನ್ನ ಕಣ್ಣಿನಿಂದಲೇ ಆ ಬೆರಳುಗಳನ್ನು ನೋಡಿದೆ. ನೋಡಿಯೂ ಆ ಮಾತು ಆಡಿದೆ. ನನಗೆ ಈ ಮನೆಯ ಮೂಲೆ ತಪ್ಪಿಹೋಗುತ್ತದೆ ಅನ್ನುವುದೊಂದೇ ತಲೆಯಲ್ಲಿತ್ತು. ಅವಳು ಹೋಗಿಬಿಟ್ಟಿದ್ದರೆ ನಾನು ಏನಾಗುತ್ತಿದ್ದೆನೇ ಪಂಕಜಾ? ರಾತ್ರಿ ಕಣ್ಣು ಮುಚ್ಚಿದರೆ ಆ ಲೋಟ ಹಿಡಿದ ಕೈ ಕಾಣುತ್ತದೆ.

ಸೈಕಲ್ ನೋಡಿದರೆ ನನಗೆ ಈಗಲೂ ಮೈ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನೀನು ಆ ಮನೆಗೆ ಹೋದದ್ದು ಸರಿ. ನಾನು ತಪ್ಪು.

ಟ್ರಂಕಿಗೆ ಬಟ್ಟೆ ತುಂಬಿದ್ದೇನೆ. ನಿನ್ನ ಮಾವನ ಹೆಂಡತಿ ಬಾಗಿಲಲ್ಲಿ ನಿಂತು, "ಎಲ್ಲಿಗೆ ಹೊರಟ್ರಿ? ನಿಮಗ್ಯಾರ ಮನೆ ಇದೆ?" ಅಂದಳು. ಮಗಳ ಮನೆಗೆ ಅಂದೆ. "ಮದುವೆ ಇಲ್ಲದ ಹುಡುಗಿಗೆ ಮನೆ ಎಲ್ಲಿಂದ ಬಂತು?" ಅಂತ ನಕ್ಕಳು. ನಾನು ಟ್ರಂಕಿಗೆ ಬೀಗ ಹಾಕಿದೆ.

ಗುರುವಾರ ಮಧ್ಯಾಹ್ನದ ಬಸ್ಸಿಗೆ ಇಳಿಯುತ್ತೇನೆ. ನನ್ನ ಮುಖ ನೋಡಲು ನಿನಗೆ ಮನಸ್ಸಿಲ್ಲದಿದ್ದರೆ ಬಸ್ಸಿನ ಹತ್ತಿರ ಬರಬೇಡ, ದಾರಿ ಕೇಳಿಕೊಂಡು ನಾನೇ ಬರುತ್ತೇನೆ. ನೀನು ಕರೆದಿಲ್ಲ, ಗೊತ್ತು. ಬಾಗಿಲು ಮಾತ್ರ ಹಾಕಬೇಡ ಕಣೇ.

ಗೋದಮ್ಮ